ಶ್ರೀ ರಾಜಾರಾಯರೂ ಹೇಮಾವತಿಯ ಸೀಮೆಯೂ

ಹಾಸನ ಜಿಲ್ಲೆಯ ಪಶ್ಚಿಮಭಾಗವು ಪೂರ್ವಭಾಗದಂತಲ್ಲ. ಆಲೂರಿನ ಆಚೆಗೆ ಬಯಲು ಮುಗಿದು ನೆಲವು ಅಲೆಅಲೆಯಾಗಿ ಏಳತೊಡಗುವುದು. ಸಕಲೇಶಪುರದಲ್ಲಿ ಹೇಮಾವತಿಯನ್ನು ದಾಟಿದ ಮೇಲಂತೂ ಕಾಫಿಯ ತೋಟಗಳೂ, ಏಲಕ್ಕಿಯ ಕಣಿವೆಗಳೂ, ಬೆಟ್ಟಗಳ ಸಂದಿಯಲ್ಲಿ ಸಿಕ್ಕಿಕೊಂಡಿರುವ ಬತ್ತದ ಗದ್ದೆಗಳೂ ಒಂದರ ಹಿಂದೊಂದು ಬರುತ್ತ, ಟಿಪ್ಪೂಸುಲ್ತಾನನು ನಕ್ಷತ್ರಾಕಾರವಾಗಿ ಕಟ್ಟಿಸಿದ ಮಂಜರಾಬಾದಿನ ಕೋಟೆಯಿಂದ ಮುಂದೆ ಘಟ್ಟದ ಇಳಿಜಾರು ಮೊದಲಾಗುವುದು. ಈ ಸೀಮೆಯನ್ನು ಇಂಗ್ಲಿಷಿನಲ್ಲಿ ವರ್ಣಿಸಿದವರಲ್ಲಿ ಇಬ್ಬರು ಮುಖ್ಯರಾದವರು. ಮೊದಲನೆಯವನು ರಾಬರ್ಟ್ ಎಲಿಯಟ್ ಎಂಬ ಕಾಫಿ ಪ್ಲಾಂಟರು. ಅವನು ೧೮೭೧ರಲ್ಲಿ ಒಂದು ಗ್ರಂಥವನ್ನೂ, ೧೮೯೪ರಲ್ಲಿ ಇನ್ನೊಂದನ್ನೂ ಪ್ರಕಟಿಸಿ, ತೋಟ, ಬೇಟೆ, ಕೂಲಿಯಾಳುಗಳು ಮೊದಲಾದ ವಿಷಯಗಳನ್ನು ಬಂಗಲೆಯ ಜಗಲಿಯಿಂದ ಕಂಡಂತೆ ಬರೆದನು. ಎರಡನೆಯವರು ಶ್ರೀ ರಾಜಾರಾಯರು. ಇವರ ‘ಕಾಂತಾಪುರ’ವೆಂಬ ಕಾದಂಬರಿ ೧೯೩೮ರಲ್ಲಿ ಲಂಡನ್ನಿನಲ್ಲಿ ಪ್ರಕಟವಾಯಿತು. ಇದರಲ್ಲಿ ಅದೇ ಬೆಟ್ಟಗಳನ್ನು, ಅದೇ ತೋಟಗಳನ್ನು, ಹಳ್ಳಿಯ ಒಬ್ಬ ಮುದುಕಿಯ ಬಾಯಿಂದ ಕೇಳುತ್ತೇವೆ. ಕನ್ನಡದ ಅಧ್ಯಾಪಕರ ಮಗನಾಗಿ ಹುಟ್ಟಿದವರು ಇಂಗ್ಲಿಷಿನಲ್ಲಿ ಏಕೆ ಬರೆದರು, ಬರೆವಣಿಗೆಯಲ್ಲಿ ತಮ್ಮದೊಂದು ನೆಲೆಯನ್ನು ಕಾಣುವ ಮುನ್ನ ಏನೇನನ್ನು ಕಳೆದುಕೊಂಡರು, ಕಂಡ ನೆಲೆಯು ಮತ್ತೆ ಹೇಗೆ ಕೈಬಿಟ್ಟಿತು ಎಂಬುದು ಈ ಜಿಲ್ಲೆಯವರು ತಿಳಿದಿರಬೇಕಾದ ಕಥೆ.

ರಾಜಾರಾಯರು ೧೯೦೮ನೆಯ ಇಸವಿ ನವಂಬರ್ ತಿಂಗಳಲ್ಲಿ ಹಾಸನದಲ್ಲಿ ಜನಿಸಿದರು. ತಂದೆ ಶ್ರೀ ಎಚ್. ವಿ. ಕೃಷ್ಣಸ್ವಾಮಿಯವರು ಹೈದರಾಬಾದಿನ ನಿಜಾಂ ಕಾಲೇಜಿನಲ್ಲಿ ಕನ್ನಡವನ್ನು ಬೋಧಿಸುತ್ತಿದ್ದರು. ತಾಯಿ ಗೌರಮ್ಮನವರು. ಬಾಲಕನಿಗೆ ನಾಲ್ಕು ವರ್ಷವಾಗಿದ್ದಾಗಲೇ ಆ ತಾಯಿ ತೀರಿಕೊಂಡರು. ಬಳಿಕ ಈ ಮಗುವಿಗೆ ಆಸರೆಯಾದುದು ಅಜ್ಜನ ಮನೆ. ಆಲೂರು ತಾಲ್ಲೂಕಿನ ಕೆಂಚಮ್ಮನ ಹೊಸಕೋಟೆಗೆ ಸಮೀಪದ ಹರಿಹಳ್ಳಿಯೊಡನೆ ಅಜ್ಜನಿಗಿದ್ದ ಸಂಬಂಧದಿಂದಲೇ ಮೊಮ್ಮಗನಿಗೆ ಮಲೆನಾಡಿನ ಹಳ್ಳಿಯ ಪರಿಚಯವಾಯಿತು; ವೇದಾಂತದ ಮೊದಲ ರುಚಿಯೂ ಅಜ್ಜನ ಬಳಿಯಲ್ಲಿಯೇ ಹತ್ತಿತು. ವಿದ್ಯಾಭ್ಯಾಸವಾದುದು ಮಾತ್ರ ಈ ಯಾವುದಕ್ಕೂ ಸಂಬಂಧವಿಲ್ಲದ ಸ್ಥಳಗಳಲ್ಲಿ. ಹೈದರಾಬಾದಿನ ಮದರಸಾ-ಎ-ಆಲಿಯಾದಲ್ಲಿ ಮುಸಲ್ಮಾನ ಸಹಪಾಠಿಗಳ ನಡುವೆ ಕಲಿತು, ಆಲಿಗಢದಲ್ಲಿ ಕೆಲಕಾಲವಿದ್ದು, ಪುನಃ ನಿಜಾಂ ಕಾಲೇಜಿಗೆ ಬಂದು ೧೯೨೯ರಲ್ಲಿ ಬಿ. ಎ. ಪದವಿಯನ್ನು ಪಡೆದರು. ಕನ್ನಡವು ಮನೆಯೊಳಗಿನ ಮಾತಾಗಿ, ಉರ್ದುವು ಬೀದಿಯ ಮಾತಾಗಿ, ಇಂಗ್ಲಿಷು ಪಾಠದ ಮಾತಾಗಿ ಬೆಳೆದ ಹುಡುಗನಿಗೆ, ಬರೆಯಬೇಕೆಂಬ ಆಸೆ ಹುಟ್ಟಿದಾಗ, ಯಾವುದರಲ್ಲಿ ಬರೆಯಬೇಕೆಂಬ ಪ್ರಶ್ನೆಯೇ ಮೊದಲ ತೊಡಕಾಗಿ ನಿಂತುದರಲ್ಲಿ ಆಶ್ಚರ್ಯವಿಲ್ಲ.

ಆ ವರ್ಷವೇ ಹೈದರಾಬಾದ್ ಸರ್ಕಾರದ ವಿದ್ಯಾರ್ಥಿವೇತನವು ದೊರೆತು ಅವರು ಫ್ರಾನ್ಸ್ ದೇಶಕ್ಕೆ ತೆರಳಿದರು. ಮೊದಲು ಮೋಂಪೆಲಿಯೆ ನಗರದಲ್ಲಿದ್ದು, ಆಮೇಲೆ ಪ್ಯಾರಿಸ್ಸಿನ ಸೋರ್ಬಾನ್ ವಿದ್ಯಾಪೀಠದಲ್ಲಿ, ಐರ್ಲೆಂಡಿನ ಸಾಹಿತ್ಯದ ಮೇಲೆ ಭಾರತದ ಪ್ರಭಾವವೆಂಬ ವಿಷಯವನ್ನು ಹಿಡಿದು ಸಂಶೋಧನೆಗೆ ತೊಡಗಿದರು. ಆ ಪ್ರಬಂಧವು ಮುಗಿಯಲಿಲ್ಲ. ೧೯೩೩ರ ಹೊತ್ತಿಗೆ ಅದನ್ನು ಕೈಬಿಟ್ಟರು. ಪದವಿಗಾಗಿ ಸಮುದ್ರವನ್ನು ದಾಟಿ ಹೋದ ತರುಣನು ಪದವಿಯಿಲ್ಲದೆ ನಿಲ್ಲುವುದು ಆ ಕಾಲದ ಕುಟುಂಬಗಳಲ್ಲಿ ಸಣ್ಣ ಮಾತಲ್ಲವೆಂಬುದನ್ನು ವಾಚಕರು ಬಲ್ಲರು. ಇಷ್ಟರಲ್ಲಿ, ೧೯೩೧ರಲ್ಲಿ, ಫ್ರೆಂಚ್ ಅಧ್ಯಾಪಿಕೆಯಾದ ಕಮೀಯ್ ಮೂಲಿ ಎಂಬಾಕೆಯೊಡನೆ ಅವರ ವಿವಾಹವೂ ನಡೆದಿತ್ತು.

ಈ ಕಾಲದಲ್ಲಿಯೇ, ಅಂದರೆ ೧೯೩೧ರಿಂದ ೧೯೩೩ರವರೆಗೆ, ರಾಜಾರಾಯರು ಕನ್ನಡದಲ್ಲಿ ಬರೆದರು. ಧಾರವಾಡದ ‘ಜಯಕರ್ನಾಟಕ’ದಲ್ಲಿ ಅವರ ಬರಹಗಳು ಅಚ್ಚಾದವು. ಈ ಪತ್ರಿಕೆಯನ್ನು ೧೯೨೨ರಲ್ಲಿ ಪ್ರಾರಂಭಿಸಿದವರು ಆಲೂರು ವೆಂಕಟರಾಯರೆಂಬುದು ಪ್ರಸಿದ್ಧವಾದ ಸಂಗತಿ. (ಆ ಆಲೂರಿಗೂ ಹಾಸನದ ಆಲೂರಿಗೂ ಹೆಸರಿನದಲ್ಲದೆ ಬೇರೆ ನಂಟಿಲ್ಲ.) ಇಪ್ಪತ್ತೆರಡು ಇಪ್ಪತ್ತಮೂರರ ಪ್ರಾಯದ ಯುವಕನು ಫ್ರಾನ್ಸಿನಲ್ಲಿ ಕುಳಿತು, ಮನೆಯಲ್ಲಿ ಫ್ರೆಂಚ್ ಆಡುತ್ತ, ವಿದ್ಯಾಪೀಠದಲ್ಲಿ ಇಂಗ್ಲಿಷಿನ ವಿಷಯವನ್ನು ಕುರಿತು ಶೋಧಿಸುತ್ತ, ಧಾರವಾಡಕ್ಕೆ ಕನ್ನಡದ ಲೇಖನಗಳನ್ನು ಕಳುಹುತ್ತಿದ್ದನೆಂಬುದನ್ನು ನೆನೆದರೆ, ಕನ್ನಡವನ್ನು ಅವರು ತಿರಸ್ಕರಿಸಿ ಹೋದರೆಂಬ ಆಕ್ಷೇಪಣೆಯು ನಿಲ್ಲುವುದಿಲ್ಲ. ಅವರು ಬಾಗಿಲನ್ನು ತಟ್ಟಿದ್ದುಂಟು. ಒಳಗೆ ಹೋಗಿ ಕುಳಿತುಕೊಳ್ಳಲು ಅವರಿಂದಾಗಲಿಲ್ಲ. ಗ್ರಂಥಭಾಷೆಯೆಂಬುದು ಮನೆಯಲ್ಲಿ ಕೇಳಿದ ಮಾತ್ರಕ್ಕೆ ವಶವಾಗತಕ್ಕದ್ದಲ್ಲ. ಅದಕ್ಕೆ ಓದಿನ ಒರಸೊರೆಯು ಬೇಕು, ಓದುವವರ ನಡುವೆ ಬಾಳುವುದೂ ಬೇಕು. ಮಾಸ್ತಿ ವೆಂಕಟೇಶಯ್ಯಂಗಾರ್ಯರ ಮನೆಮಾತು ತಮಿಳು, ಬೇಂದ್ರೆಯವರ ಮನೆಮಾತು ಮರಾಠಿ. ಆದರೂ ಅವರಿಬ್ಬರೂ ಕನ್ನಡದ ನೆಲದಲ್ಲಿ ಓದಿ ಬೆಳೆದುದರಿಂದ ಕನ್ನಡವೇ ಅವರ ಕಾವ್ಯಭಾಷೆಯಾಯಿತು. ರಾಜಾರಾಯರ ವಿಷಯದಲ್ಲಿ ಇದು ತಲೆಕೆಳಗಾಗಿ ನಡೆಯಿತು. ಮನೆಮಾತು ಕನ್ನಡವಾಗಿಯೇ ಇದ್ದು, ಕಾವ್ಯಭಾಷೆಯು ಪರರ ಪಾಲಾಯಿತು. ಕನ್ನಡಕ್ಕೆ ಇದು ನಷ್ಟವೆಂದು ಹೇಳಲು ಸಂಕೋಚಪಡಬೇಕಾದುದಿಲ್ಲ.

ಹಾಗಾದರೆ ಅವರು ಇಂಗ್ಲಿಷನ್ನು ಹಿಡಿದೊಡನೆ ದಾರಿಯು ಸುಗಮವಾಯಿತೇ? ಅದೂ ಇಲ್ಲ. ಭಾಷೆಯು ದೊರೆತ ಮಾತ್ರಕ್ಕೆ ರೀತಿಯು ದೊರೆಯುವುದಿಲ್ಲ. ಲಂಡನ್ನಿನ ಓದುಗನಿಗೆ ಒಪ್ಪುವ ಇಂಗ್ಲಿಷಿನಲ್ಲಿ ಬರೆದರೆ ಹಳ್ಳಿಯು ಬಾಯಿಬಿಡದು. ಹಳ್ಳಿಯನ್ನು ಬಾಯಿಬಿಡಿಸಿದರೆ ಇಂಗ್ಲಿಷಿನವನಿಗೆ ತಿಳಿಯದು. ‘ಜವನಿ’, ‘ಅಕ್ಕಯ್ಯ’ ಎಂಬ ಕಥೆಗಳಲ್ಲಿ ಈ ತೊಡಕನ್ನು ಬಿಡಿಸುವ ಪ್ರಯತ್ನವು ಕಾಣುತ್ತದೆ. ಜವನಿಯು ದನದ ಕೊಟ್ಟಿಗೆಯಲ್ಲಿ ಹಸುಗಳ ಜತೆಯಲ್ಲಿ ಕುಳಿತು ಉಣ್ಣುವ ಕೆಲಸದಾಕೆ; ಅಕ್ಕಯ್ಯನು ಬಾಲವಿಧವೆ. ಈ ಬರಹಗಾರನ ಕಿವಿಯು ಎತ್ತ ವಾಲಿತ್ತೆಂಬುದು ಇಲ್ಲಿಯೇ ಗೊತ್ತಾಗುತ್ತದೆ. ಪಂಡಿತರ ಮಾತಿನ ಕಡೆಗಲ್ಲ, ಮನೆಯ ಹಿತ್ತಲಿನಲ್ಲಿ ಗಂಡನನ್ನು ಕಳೆದುಕೊಂಡ ಹೆಂಗಸರು ಆಡಿಕೊಳ್ಳುವ ಮಾತಿನ ಕಡೆಗೆ.

‘ಕಾಂತಾಪುರ’ದಲ್ಲಿ ಆ ಕಿವಿಗೆ ತಕ್ಕ ಬಾಯಿ ದೊರಕಿತು. ಕಥೆಯನ್ನು ಹೇಳುವಾಕೆ ಅಚ್ಚಕ್ಕನೆಂಬ ಮುದಿ ವಿಧವೆ. ಘಟ್ಟದ ಮೇಲೊಂದು ಹಳ್ಳಿ; ಅದರ ಬಳಿಯಲ್ಲಿ ಹಿಮಾವತಿಯೆಂಬ ನದಿ; ಹಳ್ಳಿಯನ್ನು ಕಾಯುವ ದೇವತೆ ಕೆಂಚಮ್ಮ; ಆಕೆ ರಕ್ಕಸನನ್ನು ಕೊಂದ ರಕ್ತದಿಂದಲೇ ಬೆಟ್ಟವು ಕೆಂಪಾಯಿತೆಂಬ ಐತಿಹ್ಯ. ನದಿಯ ಹೆಸರಿನಲ್ಲಿ ಒಂದು ಸ್ವರವು ವ್ಯತ್ಯಾಸವಾಗಿದೆ, ದೇವಿಯ ಹೆಸರಿನಲ್ಲಿ ಅದೂ ಇಲ್ಲ. ಕೆಂಚಮ್ಮನ ಹೊಸಕೋಟೆಯ ಹೋಬಳಿಯವರಿಗೆ ಇದು ಯಾವ ಸೀಮೆಯೆಂದು ಬೇರೆಯವರು ಹೇಳಿಕೊಡಬೇಕಾಗಿಲ್ಲ. ಊರಿನವರ ಹೆಸರುಗಳನ್ನು ನೋಡಿದರೂ ಅಷ್ಟೆ. ಮೂಲೆಮನೆಯ ಮೂರ್ತಿ, ಏಲಕ್ಕಿ ತೋಟದ ರಾಮಚಂದ್ರ, ಸಿಡುಬಿನ ಕಲೆಯ ಸಿದ್ದ, ಪಟೇಲ ರಂಗೇಗೌಡ: ಇಂತಹ ಉಪನಾಮಗಳನ್ನು ಪದಕ್ಕೆ ಪದವಾಗಿ ಇಂಗ್ಲಿಷಿಗೆ ಇಳಿಸಿಬಿಟ್ಟಿದ್ದಾರೆ, ಇಂಗ್ಲಿಷಿನವನು ಹುಬ್ಬೇರಿಸಿದರೆ ಏರಿಸಲಿ ಎಂಬ ಧೈರ್ಯದಿಂದ.

ವಾಕ್ಯರಚನೆಯ ವಿಷಯವನ್ನು ಇನ್ನೂ ಸ್ವಲ್ಪ ವಿಚಾರಿಸಬೇಕು. ಕನ್ನಡದ ವಾಕ್ಯವು ‘ಹೋಗಿ, ನೋಡಿ, ಕೇಳಿಕೊಂಡು, ಮರಳಿ ಬಂದು’ ಎಂದು ಕೃದಂತಾವ್ಯಯಗಳ ಸರಪಣಿಯಾಗಿ ನಡೆದು ಕಟ್ಟಕಡೆಗೆ ಒಂದು ಆಖ್ಯಾತದಲ್ಲಿ ನಿಲ್ಲತಕ್ಕದ್ದು. ಅಜ್ಜಿಯರು ಕಥೆ ಹೇಳುವಾಗ ಈ ಸರಪಣಿಗೆ ಕೊನೆಯೇ ಇರುವುದಿಲ್ಲ. ಉಸಿರು ಮುಗಿದರೆ ವಾಕ್ಯ ಮುಗಿಯಿತು. ಇಂಗ್ಲಿಷಿಗೆ ಈ ಸೌಕರ್ಯವಿಲ್ಲ. ರಾಜಾರಾಯರು ‘ಅಂಡ್’ ಎಂಬ ಸಮುಚ್ಚಯಪದವನ್ನು ಮತ್ತೆ ಮತ್ತೆ ಹಾಕಿ, ಒಂದು ಕೆಲಸಕ್ಕೆ ಇನ್ನೊಂದು ಕೆಲಸವನ್ನು ಹೆಣೆದು, ಅರ್ಧ ಪುಟದವರೆಗೂ ಒಂದೇ ವಾಕ್ಯವನ್ನು ನಡೆಸುವರು. ಇಂಗ್ಲಿಷಿನ ವ್ಯಾಕರಣವನ್ನು ಕಲಿಸುವ ಉಪಾಧ್ಯಾಯರು ಇದನ್ನು ಶಿಷ್ಯರ ಪುಸ್ತಕದಲ್ಲಿ ಕಂಡರೆ ಕೆಂಪು ಮಸಿಯಿಂದ ಹೊಡೆದುಹಾಕುವರು. ಆದರೆ ಕನ್ನಡ ಬಲ್ಲವನ ಕಿವಿಗೆ ಆ ‘ಅಂಡ್’ಗಳ ಕೆಳಗೆ ನಮ್ಮ ‘ಇ’ಕಾರಾಂತ ‘ದು’ಕಾರಾಂತ ರೂಪಗಳು ಸ್ಪಷ್ಟವಾಗಿ ಕೇಳಿಸುತ್ತವೆ. ಕಾದಂಬರಿಗೆ ಬರೆದ ಚಿಕ್ಕ ಮುನ್ನುಡಿಯಲ್ಲಿ ಅವರು ಈ ಕಷ್ಟವನ್ನೇ ಎತ್ತಿಕೊಂಡು, ಪರಭಾಷೆಯಲ್ಲಿ ಸ್ವಂತ ಜೀವದ ಲಯವನ್ನು ತರಬೇಕಾದ ಪಾಡನ್ನೂ, ನಮ್ಮ ಹಳ್ಳಿಗಳೆಲ್ಲಕ್ಕೂ ಒಂದೊಂದು ಸ್ಥಳಪುರಾಣವಿರುವುದನ್ನೂ ಹೇಳಿದರು. ಪಾಶ್ಚಾತ್ಯರ ಕಾದಂಬರಿಯ ಚೌಕಟ್ಟನ್ನು ಬಿಟ್ಟು, ಸ್ಥಳಪುರಾಣದ ಮತ್ತು ಹರಿಕಥೆಯ ಚೌಕಟ್ಟನ್ನು ಹಿಡಿದುದೇ ಅವರ ಬಹುಕಾಲದ ಅಲೆದಾಟಕ್ಕೆ ದೊರೆತ ಉತ್ತರ.

ಇದರಲ್ಲಿ ಇನ್ನೊಂದು ವೈಚಿತ್ರ್ಯವಿದೆ. ಕಥೆಯು ನಡೆಯುವುದು ೧೯೩೦ರ ಸುಮಾರಿನ ಸತ್ಯಾಗ್ರಹದ ಕಾಲದಲ್ಲಿ. ಆಗ ರಾಜಾರಾಯರು ಹಿಂದೂಸ್ಥಾನದಲ್ಲಿಯೇ ಇರಲಿಲ್ಲ. ಲಾಠಿಯ ಏಟು, ಹೆಂಡದ ಈಚಲು ತೋಪಿನ ಮುಂದೆ ಹೆಂಗಸರ ತಡೆ, ಮೂರ್ತಿಯ ಉಪವಾಸ, ಇವು ಯಾವುವನ್ನೂ ಅವರು ಹರಿಹಳ್ಳಿಯಲ್ಲಿ ನಿಂತು ಕಂಡವರಲ್ಲ. ಕಾಫಿಯ ತೋಟದ ಪ್ರಕರಣವೂ ಹಾಗೆಯೇ. ಸ್ಕೆಫಿಂಗ್ಟನ್ ಎಸ್ಟೇಟಿಗೆ ಮೇಸ್ತ್ರಿಯು ಘಟ್ಟದ ಕೆಳಗಿನಿಂದ ಕೂಲಿಗಳನ್ನು ಗಂಡಾಳಿಗೆ ನಾಲ್ಕಾಣೆ, ಹೆಣ್ಣಾಳಿಗೆ ಎರಡಾಣೆ ಎಂದು ಆಸೆ ತೋರಿಸಿ ಕರೆತರುವುದು; ಅವರು ಮಳೆಗೂ ಚಳಿಜ್ವರಕ್ಕೂ ಸಿಕ್ಕಿ, ಸಾಲದಲ್ಲಿ ಮುಳುಗಿ, ಹಿಂದಿರುಗಲಾರದೆ ಹೋಗುವುದು: ಮಂಜರಾಬಾದಿನ ತೋಟಗಳ ಇತಿಹಾಸವನ್ನು ಬಲ್ಲವರು ಇದನ್ನು ಓದಿ ಕಲ್ಪನೆಯೆಂದು ಬದಿಗಿಡಲಾರರು. ಎಲಿಯಟ್ಟನ ಪುಸ್ತಕದಲ್ಲಿ ಲೆಕ್ಕವಾಗಿದ್ದ ಕೂಲಿಯು ಇಲ್ಲಿ ಮನುಷ್ಯನಾಗಿದ್ದಾನೆ. ದೂರದಲ್ಲಿದ್ದವರಿಗೆ ಇಷ್ಟು ಹತ್ತಿರದ ನೋಟವು ಹೇಗೆ ಬಂತೆಂದರೆ, ಕಂಡುದಕ್ಕಿಂತ ಕೇಳಿದುದೇ ಅವರಿಗೆ ಆಧಾರವಾಗಿತ್ತೆಂದು ಊಹಿಸಬೇಕು. ತಾಯಿಯಿಲ್ಲದ ಮಗುವನ್ನು ಸಾಕುವವರು ಮುದುಕರು. ಮುದುಕರ ಬಳಿ ಬೆಳೆದವನು ಕಥೆಯನ್ನು ಕೇಳಿಯೇ ಬೆಳೆಯುವನು. ಕಾದಂಬರಿಯಲ್ಲಿ ಮೂರ್ತಿಯು ಹೊಲೆಯರ ಕೇರಿಗೆ ಹೋಗಿಬರುವನೆಂದು ಬಹಿಷ್ಕಾರದ ಮಾತು ಹುಟ್ಟಿ, ಆ ಕೊರಗಿನಲ್ಲಿಯೇ ಅವನ ತಾಯಿ ನರಸಮ್ಮನು ಸಾಯುವಳು. ಗ್ರಂಥಕರ್ತನ ಸ್ವಂತ ದುಃಖವನ್ನು ಇದರಲ್ಲಿ ಹುಡುಕುವುದು ಸಾಹಸವಾದೀತು. ಆದರೂ ಆ ಪುಟಗಳ ಮಿತಭಾಷೆಯು ಉಳಿದ ಪುಟಗಳ ವಾಚಾಳತನದ ನಡುವೆ ಎದ್ದು ಕಾಣುತ್ತದೆ.

ಇದೇ ಹೇಮಾವತಿಯ ದಡದಲ್ಲಿ, ಇಳಿಹರಿವಿನ ಗೊರೂರಿನಲ್ಲಿ, ರಾಜಾರಾಯರಿಗಿಂತ ನಾಲ್ಕು ವರ್ಷ ಮೊದಲು, ೧೯೦೪ರಲ್ಲಿ, ರಾಮಸ್ವಾಮಯ್ಯಂಗಾರ್ಯರು ಹುಟ್ಟಿದ್ದರು. ಅವರ ‘ಹಳ್ಳಿಯ ಚಿತ್ರಗಳು’ ೧೯೩೦ರಲ್ಲಿ ಹೊರಬಂದಿತು. ಒಂದೇ ನದಿ, ಒಂದೇ ದಶಕ, ಇಬ್ಬರಿಗೂ ಹಳ್ಳಿಯೇ ವಸ್ತು, ಇಬ್ಬರ ಮನಸ್ಸೂ ಗಾಂಧಿಯವರ ಕಡೆಗೆ. ಗೊರೂರರು ಊರಿನಲ್ಲಿಯೇ ನಿಂತು, ಊರಿನವರಿಗೆ ತಿಳಿಯುವ ಮಾತಿನಲ್ಲಿ, ನಗುನಗುತ್ತ ಬರೆದರು. ರಾಜಾರಾಯರು ಊರಿನಿಂದ ಸಾವಿರಾರು ಮೈಲಿ ದೂರದಲ್ಲಿ, ಊರಿನವರು ಓದಲಾರದ ಮಾತಿನಲ್ಲಿ ಬರೆದರು. ಅವರ ಹಳ್ಳಿಯು ಕೊನೆಯಲ್ಲಿ ಹಾಳಾಗಿ, ಬದುಕುಳಿದವರು ಕಾಶೀಪುರವೆಂಬ ಬೇರೊಂದು ಊರಿಗೆ ವಲಸೆ ಹೋಗುವರು. ಎರಡನ್ನೂ ಜತೆಯಾಗಿ ಓದಿದವರಿಗೆ ಈ ಸೀಮೆಯು ಪೂರ್ಣವಾಗಿ ಕಾಣುವುದು. ಒಂದನ್ನು ಹೊಗಳಲು ಇನ್ನೊಂದನ್ನು ಹಳಿಯುವ ಪದ್ಧತಿಯು ಒಳ್ಳೆಯದಲ್ಲ.

‘ಕಾಂತಾಪುರ’ವನ್ನು ಇಂಗ್ಲೆಂಡಿನಲ್ಲಿ ಇ. ಎಂ. ಫಾರ್ಸ್ಟರನಂತಹ ಬಲ್ಲವರು ಮೆಚ್ಚಿದರು. ಇಪ್ಪತ್ತೊಂಬತ್ತನೆಯ ವಯಸ್ಸಿಗೆ ಅಂತೂ ನೆಲೆ ಸಿಕ್ಕಿತೆನ್ನಬೇಕು. ಮರುವರ್ಷವೇ, ೧೯೩೯ರಲ್ಲಿ, ಅವರ ದಾಂಪತ್ಯವು ಮುರಿಯಿತು. ಯೂರೋಪಿನಲ್ಲಿ ಯುದ್ಧವೂ ಹೊತ್ತಿಕೊಂಡಿತು. ಹತ್ತು ವರ್ಷಗಳ ಫ್ರಾನ್ಸಿನ ಬಾಳು ಹೀಗೆ ಕಡಿದುಹೋಗಿ ರಾಜಾರಾಯರು ಸ್ವದೇಶಕ್ಕೆ ಮರಳಿದರು. ಅಲ್ಲಿಂದ ಮುಂದಿನ ಕಾಲವನ್ನು ಅವರ ಚರಿತ್ರೆಕಾರರು ಸಾಮಾನ್ಯವಾಗಿ ನಾಲ್ಕು ಪಂಕ್ತಿಗಳಲ್ಲಿ ಮುಗಿಸುವರು. ಆದರೆ ಬರೆಹಗಾರನ ಬಾಳಿನಲ್ಲಿ ಬರೆಯದ ವರ್ಷಗಳೇ ದೀರ್ಘವಾದುವು. ಅವರು ತಿರುವಣ್ಣಾಮಲೆಗೆ ರಮಣಮಹರ್ಷಿಗಳ ಬಳಿಗೆ ಹೋದರು; ೧೯೪೨ರಲ್ಲಿ ಸೇವಾಗ್ರಾಮದಲ್ಲಿ ಗಾಂಧಿಯವರ ಆಶ್ರಮದಲ್ಲಿದ್ದರು; ಆ ವರ್ಷದ ‘ಭಾರತ ಬಿಟ್ಟು ತೊಲಗಿ’ ಚಳವಳಿಯಲ್ಲಿ ಭೂಗತರಾಗಿ ಕೆಲಸ ಮಾಡುತ್ತಿದ್ದ ತರುಣ ಸಮಾಜವಾದಿಗಳೊಡನೆ ಸೇರಿದರು; ಆಲಿಗಢದ ಕಾಲದ ಗೆಳೆಯರಾದ ಅಹ್ಮದ್ ಆಲಿಯವರೊಡನೆ ಮುಂಬಯಿಯಲ್ಲಿ ‘ಟುಮಾರೊ’ ಎಂಬ ಇಂಗ್ಲಿಷ್ ಪತ್ರಿಕೆಯನ್ನು ಸಂಪಾದಿಸಿದರು; ಅದು ೧೯೪೩-೪೪ರಲ್ಲಿ ನಡೆದು ನಿಂತುಹೋಯಿತು. ಒಂದು ಕಡೆ ಆಶ್ರಮ, ಒಂದು ಕಡೆ ಭೂಗತ ಚಳವಳಿ! ಈ ಅಲೆದಾಟದಲ್ಲಿ ತಾಳಮೇಳವಿಲ್ಲವೆಂದು ಹೇಳುವವರಿದ್ದಾರೆ. ತಾಳವಿಲ್ಲದುದು ನಿಜ. ಮನೆಯೊಡೆದವನು ಮೊದಲು ಹುಡುಕುವುದು ಸೂರನ್ನು. ಅದರ ಅಂದಚಂದವನ್ನು ವಿಚಾರಿಸುವುದು ಆಮೇಲಿನ ಮಾತು. ೧೯೪೩ರಲ್ಲಿ ತಿರುವನಂತಪುರದ ಶ್ರೀ ಆತ್ಮಾನಂದರು ಅವರಿಗೆ ಗುರುಗಳಾಗಿ ದೊರೆತರು. ಹುಡುಕಾಟವು ಅಲ್ಲಿಗೆ ನಿಂತಿತು.

ಬರೆವಣಿಗೆಯು ಆಗಲೂ ಕೂಡಲೆ ತಿರುಗಿ ಬರಲಿಲ್ಲ. ೧೯೪೭ರಲ್ಲಿ ‘ದಿ ಕೌ ಆಫ್ ದಿ ಬ್ಯಾರಿಕೇಡ್ಸ್’ ಎಂಬ ಕಥಾಸಂಗ್ರಹವು ಬಂದಿತಾದರೂ ಅದರಲ್ಲಿ ಜವನಿ ಅಕ್ಕಯ್ಯರಂತಹ ಹಿಂದಿನವರೇ ಇದ್ದರು. ಎರಡನೆಯ ಕಾದಂಬರಿಯಾದ ‘ದಿ ಸರ್ಪೆಂಟ್ ಅಂಡ್ ದಿ ರೋಪ್’ ಪ್ರಕಟವಾದುದು ೧೯೬೦ರಲ್ಲಿ. ಮೊದಲನೆಯದಕ್ಕೂ ಇದಕ್ಕೂ ನಡುವೆ ಇಪ್ಪತ್ತೆರಡು ವರ್ಷ. ಹೆಸರನ್ನು ಕೇಳಿದೊಡನೆ ಅದ್ವೈತದ ರಜ್ಜುಸರ್ಪ ದೃಷ್ಟಾಂತವು ನೆನಪಿಗೆ ಬರುವುದು. ಮಬ್ಬುಬೆಳಕಿನಲ್ಲಿ ಹಗ್ಗವನ್ನು ಹಾವೆಂದು ಭ್ರಮಿಸಿ ಬೆವರಿದವನಿಗೆ, ದೀಪವು ಬಂದ ಮೇಲೆ, ಹಾವು ಎಲ್ಲಿಗೂ ಓಡಿಹೋಗಲಿಲ್ಲ, ಅದು ಇರಲೇ ಇಲ್ಲ ಎಂದು ತಿಳಿಯುವುದಷ್ಟೆ. ಕಥಾನಾಯಕನಾದ ರಾಮಸ್ವಾಮಿಯು ದಕ್ಷಿಣದ ಬ್ರಾಹ್ಮಣ, ತಾಯಿಯಿಲ್ಲದವನು, ಫ್ರಾನ್ಸಿನಲ್ಲಿ ಚರಿತ್ರೆಯ ಸಂಶೋಧನೆಗೆ ಹೋದವನು. ಹೆಂಡತಿ ಮ್ಯಾಡಲಿನ್ ಫ್ರೆಂಚ್ ಅಧ್ಯಾಪಿಕೆ. ಅವರ ದಾಂಪತ್ಯವು ಯಾರೂ ಜಗಳವಾಡದೆಯೇ ಮೆಲ್ಲಮೆಲ್ಲನೆ ಒಣಗಿಹೋಗುವುದು. ೧೯೩೯ರ ಪೆಟ್ಟನ್ನು ಅವರು ಇಪ್ಪತ್ತು ವರ್ಷ ಇಟ್ಟುಕೊಂಡಿದ್ದು ಆಮೇಲೆ ವಸ್ತುವಾಗಿ ಮಾಡಿಕೊಂಡರೆಂಬುದು ಸ್ಪಷ್ಟವಾಗಿದೆ. ಇದರ ಮುಂದಿನದಾದ ‘ದಿ ಕ್ಯಾಟ್ ಅಂಡ್ ಷೇಕ್ಸ್‌ಪಿಯರ್’ (೧೯೬೫) ತಿರುವನಂತಪುರದಲ್ಲಿ ನಡೆಯುವ ಕಥೆ. ತಾಯಿಬೆಕ್ಕು ಮರಿಯನ್ನು ಬಾಯಲ್ಲಿ ಕಚ್ಚಿ ಒಯ್ಯುವಂತೆ ಭಗವಂತನು ಜೀವನನ್ನು ಒಯ್ಯುವನೆಂಬ ಮಾರ್ಜಾರಕಿಶೋರ ನ್ಯಾಯವು ಅದರ ಬೆನ್ನೆಲುಬು. ನಾಲ್ಕು ವರ್ಷಕ್ಕೆ ತಾಯಿಯನ್ನು ಕಳೆದುಕೊಂಡವರು ಐವತ್ತಾರನೆಯ ವಯಸ್ಸಿನ ಸುಮಾರಿಗೆ ಈ ನ್ಯಾಯಕ್ಕೆ ಬಂದು ಸೇರಿದುದು ಗಮನಿಸತಕ್ಕ ಸಂಗತಿ.

ಈ ಎರಡನೆಯ ಕಾಲದ ಗ್ರಂಥಗಳನ್ನು ವಿದ್ವಾಂಸರು ಹೆಚ್ಚಾಗಿ ಕೊಂಡಾಡುವರು. ಕೇಂದ್ರ ಸಾಹಿತ್ಯ ಅಕಾಡೆಮಿಯ ೧೯೬೪ರ ಬಹುಮಾನವು ‘ಸರ್ಪೆಂಟ್’ಗೇ ಸಂದಿತು. ಆದರೂ ಅದರಲ್ಲಿ ವಾದವು ಕಥೆಯ ಕತ್ತನ್ನು ಹಿಡಿದಿರುವ ಅಧ್ಯಾಯಗಳು ಹಲವುಂಟು. ಶಾಸ್ತ್ರವು ಗೊತ್ತಿದ್ದವನಿಗೆ ಅದು ಹೊಸದಲ್ಲ, ಗೊತ್ತಿಲ್ಲದವನಿಗೆ ಅದು ಹತ್ತದು. ಅಚ್ಚಕ್ಕನಿಗೆ ಶಾಸ್ತ್ರವು ತಿಳಿಯದು. ಆದರೆ ಅವಳು ಮಾತನ್ನು ಎತ್ತಿದರೆ ಪುಸ್ತಕವನ್ನು ಕೆಳಗಿಡಲಾಗುವುದಿಲ್ಲ. ರಾಜಾರಾಯರಿಗೆ ವೇದಾಂತವು ಶಾಂತಿಯನ್ನು ಕೊಟ್ಟಿತು, ಹೇಮಾವತಿಯ ಸೀಮೆಯು ಧ್ವನಿಯನ್ನು ಕೊಟ್ಟಿತು. ಆ ಸೀಮೆಯನ್ನೇ ಆವರಿಸಿಕೊಂಡ ಎರಡನೆಯ ಕಾದಂಬರಿಯನ್ನು ಅವರು ಬರೆಯಲಿಲ್ಲವೆಂಬ ಕೊರತೆಯು ಈ ಕಡೆಯ ಓದುಗರಿಗೆ ಇದ್ದೇ ಇರುವುದು.

ಮುಂದಿನ ವೃತ್ತಾಂತವನ್ನು ಬೇಗ ಹೇಳಬಹುದು. ೧೯೬೬ರಿಂದ ಅಮೇರಿಕಾದ ಟೆಕ್ಸಾಸ್ ವಿಶ್ವವಿದ್ಯಾನಿಲಯದಲ್ಲಿ ತತ್ತ್ವಶಾಸ್ತ್ರವನ್ನು ಬೋಧಿಸಿದರು. ೧೯೬೯ರಲ್ಲಿ ಪದ್ಮಭೂಷಣ, ೧೯೮೮ರಲ್ಲಿ ಅಮೇರಿಕಾದ ನಾಯ್‌ಸ್ಟಾಟ್ ಪಾರಿತೋಷಿಕ ಬಂದವು. ೨೦೦೬ನೆಯ ಇಸವಿ ಜುಲೈ ೮ರಂದು, ತೊಂಬತ್ತೇಳನೆಯ ವಯಸ್ಸಿನಲ್ಲಿ, ಟೆಕ್ಸಾಸಿನ ಆಸ್ಟಿನ್ ನಗರದಲ್ಲಿ ತೀರಿಕೊಂಡರು. ಮರುವರ್ಷ ಪದ್ಮವಿಭೂಷಣವನ್ನು ಮರಣೋತ್ತರವಾಗಿ ಕೊಡಲಾಯಿತು. ಗೊರೂರು ರಾಮಸ್ವಾಮಯ್ಯಂಗಾರ್ಯರೂ ಮುಪ್ಪಿನಲ್ಲಿ ಅದೇ ಅಮೇರಿಕಾಕ್ಕೆ ಹೋಗಿಬಂದು, ಅಲ್ಲಿ ಕಂಡುದನ್ನು ‘ಅಮೇರಿಕಾದಲ್ಲಿ ಗೊರೂರು’ ಎಂಬ ಹೆಸರಿನಿಂದ ಕನ್ನಡದಲ್ಲಿ ಬರೆದು, ೧೯೮೦ರ ಅಕಾಡೆಮಿ ಬಹುಮಾನವನ್ನು ಪಡೆದರು. ಆ ಹೊತ್ತಿಗೆ ಅವರ ಊರಿನ ಬಳ ಹೇಮಾವತಿಗೆ ಕಟ್ಟಿದ ಅಣೆಕಟ್ಟು ೧೯೭೯ರಲ್ಲಿ ಪೂರ್ತಿಯಾಗಿ, ಹಿನ್ನೀರು ಹಲವು ಹಳ್ಳಿಗಳನ್ನು ಮುಳುಗಿಸಿತ್ತು. ಅಲ್ಲಿನವರು ಅಚ್ಚಕ್ಕನ ನೆರೆಹೊರೆಯವರಂತೆ ಬೇರೆ ಊರುಗಳಿಗೆ ಹೊರಟಿದ್ದರು.